ಬೂಟು ಆಮ್ಯಾಲ, ಮೊದಲ ವಾಪಸ್ ಬರೂ ಹೊತ್ತು

ಪೋಸ್ಟ್ 1/10

ಫೋಟೊದಾಗಿರೋ ಬೂಟು ನಂದ. 2018ರಾಗ ಹನ್ನೊಂದು ಸಾವಿರ ಕೊಟ್ಟು ತಗೊಂಡಿದ್ದು. ಆಗ ಇದರ ಫೋಟೊ ಹಾಕಿದಾಗ ಕಮೆಂಟಿನ ತುಂಬ ಬೆಂಕಿ ಇಮೋಜಿ. ಈಗ ನೋಡ್ರಿ, ಸೋಲು ಬ್ಯಾರೆ, ಬೂಟು ಬ್ಯಾರೆ. ಇದು ಹರಿದಿದ್ದು ಬೆಟ್ಟದಾಗಲ್ಲ, ನಮ್ಮ ಮನಿ ಅಟ್ಟದ ಮ್ಯಾಲ. ಇಂಥ ಬೂಟುಗಳ ನಡುಸೋಲಿನಲ್ಲಿ ಬಳಸುವ ಪಾಲಿಯುರೆಥೇನ್ ಗಾಳಿಯ ತೇವಕ್ಕೆ ಒಳಗಿಂದೊಳಗೇ ಪುಡಿಯಾಗುತ್ತದೆ. ಮೂರ್ನಾಲ್ಕು ವರ್ಷ ಹಾಕದೇ ಇಟ್ಟರೆ ಒಂದು ದಿನ ಹತ್ತು ಹೆಜ್ಜೆಗೇ ಕಳಚಿ ಬೀಳುತ್ತದೆ. ದುರ್ಗದಬೈಲ್ ಹತ್ತಿರ ಬೂಟು ಹೊಲಿಯೋ ಕಾಕಾ ಕೈಯಾಗ ಹಿಡಿದು ತಿರುಗಿಸಿ ನೋಡಿ, "ಇದನ್ನ ಹೊಲಿಯೂದಲ್ರಿ ಸಾಹೇಬ್ರ, ಹೂಳೂದು" ಅಂದ.

ಇದನ್ನ ಯಾಕ ಹೇಳಾಕತ್ತೇನಿ ಅಂದ್ರ, ಏಪ್ರಿಲ್ ಬಂತು. ನಮ್ಮ ಹುಬ್ಬಳ್ಳಿ-ಧಾರವಾಡದ ಹುಡುಗರಿಗೆ ಹಿಮಾಲಯದ ಜ್ವರ ಏರೋ ತಿಂಗಳು. ಇನ್‌ಬಾಕ್ಸ್ ತುಂಬ ಒಂದೇ ಪ್ರಶ್ನೆ: "ಅಣ್ಣಾ, ಯಾವ ಬೂಟು ತಗೋಲಿ?" "ಅಣ್ಣಾ, ಬ್ಯಾಗು 50 ಲೀಟರೋ 60 ಲೀಟರೋ?" "ಅಣ್ಣಾ, ಜಾಕೆಟ್ ಲಿಂಕ್ ಹಾಕ್ರಿ." ಇಷ್ಟು ವರ್ಷದಾಗ ಒಬ್ಬನೂ "ಅಣ್ಣಾ, ಎಷ್ಟೊತ್ತಿಗೆ ಹೊಳ್ಳಿ ಬರಬೇಕು?" ಅಂತ ಕೇಳಿಲ್ಲ. ತಪ್ಪು ಅವರದಲ್ಲ. ಅವರಿಗೆ ಬೂಟಿನ ಪ್ರಶ್ನೆ ಕಲಿಸಿದವರು ನಾವು, ಇಂಥ ಪೇಜು ನಡೆಸೋ ಮಂದಿ. ಈ ಹತ್ತು ಪೋಸ್ಟಿನ ಜಗಳ ನಮ್ಮ ಮ್ಯಾಲ, ಅದರಾಗ ಮೊದಲನೆಯವ ನಾನ.

ಪೋಸ್ಟ್ 2/10

ಜಗಳ ಈಗ ಯಾಕ ಶುರುವಾತು ಅಂತನೂ ಹೇಳಬೇಕು. ನನ್ನ ತಂಗಿಯ ಮಗ, ಇಪ್ಪತ್ತೊಂದು ವರ್ಷದವ, ಐದು ಮಂದಿ ಗೆಳೆಯರನ್ನ ಕೂಡಿಸಿಕೊಂಡು ಮೇ ತಿಂಗಳಿಗೆ ಉತ್ತರಾಖಂಡದ ಒಂದು ಪಾಸ್ ಬುಕ್ ಮಾಡ್ಯಾನ. 4,500 ಮೀಟರ್ ಎತ್ತರ. ಅಡ್ವಾನ್ಸ್ ಕೊಟ್ಟಾಗೇದ. ಇವರು ಇವತ್ತಿನತನಕ ಹತ್ತಿದ್ದು ಎರಡೇ: ಉಣಕಲ್‌ನ ನೃಪತುಂಗ ಬೆಟ್ಟ, ಮತ್ತ ಒಂದು ಸಲ ಕೊಡಚಾದ್ರಿ. ಅದೂ ಅರ್ಧ ಜೀಪಿನಾಗ.

ತಂಗಿ ಫೋನ್ ಮಾಡಿದ್ಲು. "ಅಣ್ಣಾ, ನೀ ಹೋಗಿ ಬಂದಾಂವ. ಕಳಸಲೇನು?" ಅಂದ್ಲು. ನಾನು ಸಾವಿರಾರು ಮಂದಿಗೆ "ಹೋಗ್ರಿ, ಜೀವನ ಒಂದ" ಅಂತ ಬರೆದವ. ಅವಳಿಗೆ ಮಾತ್ರ ಆ ಮಾತು ಬಾಯಿಂದ ಬರಲಿಲ್ಲ.

ಅವನ ಪ್ಲ್ಯಾನ್ ತರಿಸಿ ನೋಡಿದೆ. ಬಣ್ಣಬಣ್ಣದ ಪಿಡಿಎಫ್. ಮ್ಯಾಲ ದಪ್ಪ ಅಕ್ಷರದಾಗ "ಬಿಗಿನರ್ ಫ್ರೆಂಡ್ಲಿ". ಮಲಗುವ ಎತ್ತರ ಮೊದಲ ರಾತ್ರಿ 2,000 ಮೀಟರ್, ಎರಡನೆಯ ರಾತ್ರಿ 2,800, ಮೂರನೆಯದು 3,400, ನಾಲ್ಕನೆಯದು 4,000. ಐದನೆಯ ದಿನ ಪಾಸ್ ದಾಟಿ ಆ ಕಡೆ ಇಳಿಯೂದು, ಆರನೆಯ ದಿನ ಜೀಪು, ಏಳನೆಯ ದಿನ ರೈಲು. ನಡುವ ಒಂದು ದಿನ ಖಾಲಿ ಇಲ್ಲ. ಹವಾ ಕೆಟ್ಟರ? ತಲಿ ನೋವಾದರ? ಪಿಡಿಎಫ್‌ನಾಗ ಅದಕ್ಕ ಜಾಗ ಇಲ್ಲ. ಆದ್ರ ಕೊನೆಯ ಪುಟದಾಗ ಮೂವತ್ತೆಂಟು ಸಾಮಾನಿನ ಪಟ್ಟಿ ಅದ, ಒಂದೊಂದಕ್ಕೂ ಖರೀದಿ ಲಿಂಕ್.

ನನ್ನ ತಕರಾರು ಇಷ್ಟೇ. ಬೆಟ್ಟಕ್ಕೆ ಹೋಗುವವನು ಮೊದಲು ದಾರಿ ಮತ್ತು ದಿನ ನಿರ್ಧರಿಸಬೇಕು, ಆಮೇಲೆ ಆ ದಾರಿ ಕೇಳಿದ ಸಾಮಾನು ಹೊಂದಿಸಬೇಕು. ನಾವು ಉಲ್ಟಾ ಮಾಡಿಟ್ಟೇವಿ. ಸಾಮಾನು ಮೊದಲ, ದಾರಿ ಫೋಟೊ ನೋಡಿ, ದಿನ ಆಫೀಸಿನ ರಜಾ ನೋಡಿ.

ಪೋಸ್ಟ್ 3/10

ಫೋಟೊ ನೋಡಿ ದಾರಿ ಆರಿಸೋದರ ಕಥಿ ನಮ್ಮ ಮನಿ ಬಾಗಿಲದಾಗ ಅದ. ದೂಧಸಾಗರ.

ಹುಬ್ಬಳ್ಳಿಯಿಂದ ಅಳ್ನಾವರ, ಲೋಂಡಾ ದಾಟಿ ಕ್ಯಾಸಲ್‌ರಾಕ್‌ನಲ್ಲಿ ಇಳಿದು ರೈಲು ಹಳಿ ಹಿಡಿದು ನಡೆಯೋದು ಈ ಊರಿನ ಎರಡು ಪೀಳಿಗೆ "ಟ್ರೆಕ್" ಅಂತ ಕರೆದಿದ್ದು. ಅದು ಘಟ್ಟದ ಹಳಿ. 37 ಅಡಿಗೆ ಒಂದು ಅಡಿ ಏರು. ಸುರಂಗದೊಳಗ ಪಕ್ಕಕ್ಕ ಸರಿಯಾಕ ಜಾಗ ಕಡಿಮೆ. ಮಳೆಗಾಲದಾಗ ಜಲಪಾತದ ಸದ್ದಿಗೆ ಹಿಂದಿಂದ ಬರೋ ಗಾಡಿ ಕೇಳಸೂದಿಲ್ಲ. 2023ರ ಜುಲೈನಾಗ ಅಲ್ಲಿ ಹಳಿ ಮೇಲೆ ಹೋದ ಹುಡುಗರಿಗೆ ಬಸ್ಕಿ ಹೊಡಿಸಿದ ವಿಡಿಯೊ ನೀವೂ ನೋಡಿರಬೇಕು. ನಮ್ಮ ಕಮೆಂಟಿನಾಗ ಎಲ್ಲಾರೂ ನಕ್ಕರು. ನೈಋತ್ಯ ರೈಲ್ವೆಯ ಮುಖ್ಯ ಕಚೇರಿ ನಮ್ಮ ಹುಬ್ಬಳ್ಳಿಯಲ್ಲೇ ಇದೆ. ಅಲ್ಲಿಂದಲೇ ಅವತ್ತು ಮನವಿ ಬಂತು: ಹಳಿ ಮೇಲೆ ನಡೆಯಬೇಡಿ, ಬೋಗಿಯಲ್ಲಿ ಕೂತೇ ನೋಡಿ. ರೈಲ್ವೆ ಕಾಯ್ದೆಯ 147ನೇ ಕಲಂ ಪ್ರಕಾರ ಅದು ಅಪರಾಧ, ಆರು ತಿಂಗಳತನಕ ಸಜೆ ಆಗಬಹುದು.

ಆ ಬಸ್ಕಿ ಹುಡುಗರು ಅಲ್ಲಿಗೆ ಹೋಗಿದ್ದು ಯಾರ ಫೋಟೊ ನೋಡಿ? ನನ್ನ ಪೇಜಿನಾಗೂ ಒಂದಿತ್ತು. ಹಳಿ ನಡುವ ಬೆನ್ನು ತಿರುಗಿಸಿ ನಿಂತ ನಾನು, ಹಿಂದ ಬೆಳ್ಳನ ನೀರು. ಸಾವಿರದ ಒಂಬೈನೂರು ಲೈಕ್. ಹೋದ ವಾರ ಅಳಿಸಿದೆ. ನಾಲ್ಕು ವರ್ಷ ಅಲ್ಲೇ ಇತ್ತು ಅದು, ನಾಲ್ಕು ವರ್ಷ ಮಂದಿಗೆ ದಾರಿ ತೋರಸ್ತಿತ್ತು.

"ಈ ಜಾಗ ಎಲ್ಲಿ?" ಅಂತ ಕೇಳಿದವರಿಗೆ ಉತ್ತರ ಕೊಡೋದು ಸಣ್ಣ ಕೆಲಸ ಅಲ್ರಿ. ಪಿನ್ ಹಾಕಿದ ಮ್ಯಾಲ ಅಲ್ಲಿ ಯಾವ ತಿಂಗಳದಾಗ, ಯಾವ ಹೊತ್ತಿಗೆ, ಯಾರು ಹೋಗ್ತಾರ ಅನ್ನೂದು ನಮ್ಮ ಕೈಯಾಗ ಇರೂದಿಲ್ಲ. 2024ರ ಜನವರಿಯ ಗಣರಾಜ್ಯೋತ್ಸವದ ರಜೆಗೆ ಕುಮಾರ ಪರ್ವತದಾಗ ಸಾವಿರಗಟ್ಟಲೆ ಮಂದಿ ಸಾಲು ನಿಂತ ವಿಡಿಯೊ ಬಂದ ಮ್ಯಾಲನೇ ಅರಣ್ಯ ಇಲಾಖೆ ಬಾಗಿಲು ಹಾಕಿದ್ದು. ಆಮೇಲೆ ಅದೇ ವರ್ಷದ ಅಕ್ಟೋಬರ್‌ನಲ್ಲಿ "ಅರಣ್ಯ ವಿಹಾರ" ಜಾಲತಾಣ ಬಂತು, ಮೊದಲೇ ಬುಕ್ ಮಾಡಬೇಕು, ದಾರಿಯೊಂದಕ್ಕೆ ದಿನಕ್ಕೆ 300 ಮಂದಿಯ ಮಿತಿ. ಅದಕ್ಕ ಬೈಯೋರು ಭಾಳ ಮಂದಿ ಇದ್ದಾರ. ನಾ ಬೈಯೂದಿಲ್ಲ.

ಪೋಸ್ಟ್ 4/10

ಕುಮಾರ ಪರ್ವತದ ಮಾತು ಬಂತಲ್ಲ, ನನ್ನ ಹಳೇ ತಪ್ಪು ಹೇಳಿಬಿಡ್ತೇನಿ.

2016ರ ಡಿಸೆಂಬರ್. ಒಬ್ಬ ವೀಕೆಂಡ್ ಆರ್ಗನೈಸರ್ ಜೋಡಿ ಹನ್ನೊಂದು ಮಂದಿ ಹೋದ್ವಿ. ಹುಬ್ಬಳ್ಳಿಯಿಂದ ರಾತ್ರಿ ಗಾಡಿ, ಬೆಳಿಗ್ಗೆ ಕುಕ್ಕೆ, ಇಡ್ಲಿ-ಚಾ ಮುಗಿಸಿ ನಡಿಗೆ ಶುರು ಮಾಡಿದಾಗ 8 ಗಂಟೆ. ಅವತ್ತೇ ಹತ್ತಿ ಅವತ್ತೇ ಇಳಿದು ರಾತ್ರಿ ಗಾಡಿ ಹತ್ತೂದು ಪ್ಲ್ಯಾನ್. ಹನ್ನೊಂದು ಮಂದಿ ನಡುವ ಬ್ಲೂಟೂತ್ ಸ್ಪೀಕರ್ ಮೂರು, ಸೆಲ್ಫಿ ಕೋಲು ನಾಲ್ಕು, ಟಾರ್ಚು ಒಂದು.

ಈಗ ಲೆಕ್ಕ ಮಾಡೋಣ. ಇದಕ್ಕೆ 1892ರಷ್ಟು ಹಳೆಯ ಒಂದು ಸರಳ ಸೂತ್ರ ಇದೆ. ವಿಲಿಯಂ ನೇಸ್ಮಿತ್ ಅನ್ನೋ ಸ್ಕಾಟ್ಲೆಂಡಿನ ಬೆಟ್ಟದ ಮನುಷ್ಯ ಬರೆದಿಟ್ಟದ್ದು. ಈಗಿನ ಮೀಟರ್ ಲೆಕ್ಕದಲ್ಲಿ ಹೇಳೋದಾದರೆ ಐದು ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಕುಮಾರ ಪರ್ವತ 1,712 ಮೀಟರ್. ಕುಕ್ಕೆ ಸಮುದ್ರಮಟ್ಟದಿಂದ ಬರೀ ನೂರು-ಚಿಲ್ಲರೆ ಮೀಟರ್. ಅಂದ್ರ ಸುಮಾರು 1,600 ಮೀಟರ್ ಏರು. ದಾರಿ ಒಂದು ಕಡೆಗೆ ಹನ್ನೆರಡು ಕಿಲೋಮೀಟರಿನ ಮೇಲೆ. ನಡಿಗೆಗೆ ಎರಡೂವರೆ ತಾಸು, ಏರಿಗೆ ಎರಡೂಮುಕ್ಕಾಲು. ಒಟ್ಟು ಐದು ತಾಸಿನ ಮೇಲೆ, ಅದೂ ಎಲ್ಲೂ ಕೂಡದೇ, ಫೋಟೊ ತೆಗೀದೇ, ಸ್ಕಾಟ್ಲೆಂಡಿನ ತಂಪಿನಾಗ ಗಟ್ಟಿ ಕಾಲಿನ ಮನುಷ್ಯ ನಡೆದರ. ಹನ್ನೊಂದು ಮಂದಿಯ ಗುಂಪು ಅದರಾಗ ನಿಧಾನ ಇರೋ ಒಬ್ಬರ ವೇಗಕ್ಕ ನಡೀತದ. ಒಂದೂವರೆ ಪಟ್ಟು ಹಿಡೀರಿ. 8ಕ್ಕ ಬಿಟ್ಟವರು ತುದಿ ಮುಟ್ಟೂದು ಸಂಜಿ 4ರ ಸುಮಾರು. ಡಿಸೆಂಬರ್‌ನಾಗ 6ಕ್ಕ ಕತ್ತಲಿ.

ಹಂಗ ಆತು. ಇಳಿಯೋವಾಗ ಹುಲ್ಲುಗಾವಲು ದಾಟಿ ಕಾಡು ಹೊಕ್ಕಾಗ ಏನೂ ಕಾಣಸವಲ್ದು. ಒಬ್ಬಾಕಿ ಬೇರಿಗೆ ಕಾಲು ಸಿಕ್ಕಿಸಿಕೊಂಡು ಹಿಮ್ಮಡಿ ತಿರುವಿಕೊಂಡಳು. ಇದ್ದ ಒಂದು ಟಾರ್ಚು ಮುಂದ ಹೋದವರ ಕೈಯಾಗ. ಮೊಬೈಲಿನ ಬೆಳಕಿನಾಗ, ಸರದಿ ಮ್ಯಾಲ ಆಕಿನ್ನ ಹೆಗಲಿಗೆ ಹಾಕ್ಕೊಂಡು ಕುಕ್ಕೆ ಮುಟ್ಟಿದಾಗ ರಾತ್ರಿ 1 ಗಂಟೆ. ಆರ್ಗನೈಸರ್ "ಅಡ್ವೆಂಚರ್ ಅಂದ್ರ ಹಿಂಗ" ಅಂದ. ನಾನೂ ಹಂಗ ಅಂತ ಕ್ಯಾಪ್ಶನ್ ಬರೆದೆ.

ಕತ್ತಲು ನಮ್ಮನ್ನ ಬೆಟ್ಟದ ಮೇಲೆ ಹಿಡಿಯಲಿಲ್ಲ. ಹುಬ್ಬಳ್ಳಿಯಲ್ಲಿ ಕೂತು ಗಾಡಿಯ ಟೈಮು ಬರೆದಾಗಲೇ ಹಿಡಿದಿತ್ತು. ಒಂದು ಪೆನ್ನು, ಒಂದು ಹಾಳಿ, ಐದು ನಿಮಿಷದ ಕೂಡಿಸೋ ಲೆಕ್ಕ ಸಾಕಿತ್ತು. ಅವತ್ತು ನಮ್ಮೆಲ್ಲರ ಕಾಲಾಗ ಚೊಲೊ ಬೂಟು ಇದ್ದವು.

ಪೋಸ್ಟ್ 5/10

ಈಗ ಸಾಮಾನು. ಬೈದವನೇ ಪಟ್ಟಿ ಕೊಡ್ತಾನ ಅಂತ ನಗಬ್ಯಾಡ್ರಿ.

ಫೋಟೊದಲ್ಲಿ ನಮ್ಮ ಅಜ್ಜನ ಕಂಬಳಿ ಇದೆ. ಮಳೆಗಾಲದಲ್ಲಿ ಧಾರವಾಡದ ಸುತ್ತ ಕುರಿ ಕಾಯೋ ಹಿರಿಯರು ತಲೆ ಮೇಲೆ ಕೊಪ್ಪೆ ಹಾಕಿಕೊಂಡು ನಿಂತದ್ದನ್ನ ನೋಡದವರು ಯಾರೂ ಇಲ್ಲ. ದಿನಾ ತೋಯಸ್ಕೊಂಡ್ರೂ ಅವರು ಗದಗದ ನಡುಗೂದಿಲ್ಲ. ಉಣ್ಣೆಯ ಎಳೆ ಸುರುಳಿ ಸುರುಳಿ ಇರೋದರಿಂದ ತೋಯ್ದರೂ ನಡುವ ಗಾಳಿ ಹಿಡಕೊಂಡಿರ್ತದ, ಆ ಗಾಳಿನ ಮೈ ಬೆಚ್ಚಗ ಇಡೂದು. ಹತ್ತಿ ಬಟ್ಟೆ ತೋಯ್ದ ಕೂಡಲೇ ಮೈಗೆ ಅಂಟಿ ಗಾಳಿ ಎಲ್ಲಾ ಹೊರಗ ಹಾಕ್ತದ, ಆಮೇಲೆ ಒಣಗುವಾಗ ಮೈಯಿಂದಲೇ ಕಾವು ಕಸ್ಕೋತದ. ಬೆಂಗೇರಿಯಲ್ಲಿ ಖಾದಿಯ ರಾಷ್ಟ್ರಧ್ವಜ ತಯಾರಿಸುವ ಊರಿನವ ನಾನು, ಹತ್ತಿಗೆ ಬೈಯೋದು ನನಗೂ ಸಂಕಟ. ಆದ್ರ ಬೆಟ್ಟಕ್ಕ ಜೀನ್ಸ್ ಪ್ಯಾಂಟು, ಕಾಟನ್ ಟೀ ಶರ್ಟು ಬ್ಯಾಡ. ಹಿಮ ಬೀಳಬೇಕು ಅಂತೇನಿಲ್ಲ. ಐದಾರು ಡಿಗ್ರಿಯ ಗಾಳಿ, ಸಣ್ಣ ಮಳಿ, ತೋಯ್ದ ಹತ್ತಿ ಅಂಗಿ, ಖಾಲಿ ಹೊಟ್ಟಿ, ಇಷ್ಟು ಸಾಕು ಮೈಯ ಕಾವು 35 ಡಿಗ್ರಿಗಿಂತ ಕೆಳಗ ಇಳಿಯಾಕ. ಮೊದಲು ನಡುಕ, ಆಮೇಲೆ ಮಾತು ತೊದಲು, ಗುಂಡಿ ಹಾಕ್ಕೊಳ್ಳಾಕ ಬರೂದಿಲ್ಲ. ನಡುಕ ನಿಂತಿತು ಅಂದ್ರ ಆರಾಮಾತು ಅಂತ ತಿಳಿಯಬ್ಯಾಡ್ರಿ. ಕೆಟ್ಟದ್ದು ಶುರುವಾಗೂದು ಅಲ್ಲಿಂದ.

ಹಂಗಾದ್ರ ರೊಕ್ಕ ಎಲ್ಲಿ ಹಾಕಬೇಕು? ನನ್ನ ಮಾತು ಕೇಳೋದಾದ್ರ ಮೊದಲ ರೊಕ್ಕ ಮಳೆ-ಗಾಳಿ ತಡೆಯೋ ಒಂದು ಖರೇ ಜಾಕೆಟಿಗೆ, ಎರಡನೇದು ತಲಿಗೆ ಕಟ್ಟೋ ಟಾರ್ಚಿಗೆ. ತಲಾ ಒಂದು, ಹೆಚ್ಚಿಗಿ ಸೆಲ್ ಜೋಡಿ. ಮಲಗುವಾಗ ಹಾಕ್ಕೊಳ್ಳೋ ಒಂದು ಜೋಡಿ ಒಣ ಉಣ್ಣೆ ಕಾಲುಚೀಲ ಪ್ಲಾಸ್ಟಿಕ್ ಚೀಲದಾಗ ಕಟ್ಟಿ ಬ್ಯಾಗಿನ ತಳಕ್ಕ, ಹಗಲು ಎಷ್ಟ ತೋಯ್ದರೂ ಅದನ್ನ ಮುಟ್ಟಬಾರದು. ಸ್ಲೀಪಿಂಗ್ ಬ್ಯಾಗು, ಟೆಂಟು, ಹಿಮಕ್ಕ ಬೂಟಿನ ಕೆಳಗ ಕಟ್ಟೋ ಮುಳ್ಳು, ಇವನ್ನೆಲ್ಲ ಬಾಡಿಗಿ ತಗೋರಿ. ವರ್ಷಕ್ಕ ಒಂದು ಸಲ ಹೋಗೋರು ಕೊಂಡು ಅಟ್ಟಕ್ಕ ಹಾಕಿದ್ರ ಏನಾಗ್ತದ ಅಂತ ಮೊದಲ ಫೋಟೊದಾಗ ನೋಡಿದ್ರಲ್ಲ.

ಬೂಟು? ಕೇಳೇ ಕೇಳ್ತೀರಿ, ಗೊತ್ತು. ನಿಮ್ಮ ಕಾಲಿಗೆ ಕೂಡೂದು, ಹಿಡಿತ ಚೊಲೊ ಇರೂದು, ಮುಂದ ಬೆರಳಿಗೆ ಅರ್ಧ ಇಂಚು ಜಾಗ ಇರೂದು. ಇಳಿಯೋವಾಗ ಉಗುರು ಹೋಗೂದು ಜಾಗ ಇಲ್ಲದ್ದಕ್ಕ. ಅಂಗಡಿಗೆ ಸಂಜಿಕ ಹೋಗ್ರಿ, ಆ ಹೊತ್ತಿಗೆ ಕಾಲು ಸ್ವಲ್ಪ ಬಾತಿರ್ತದ. ಹೊಸ ಬೂಟಿನಾಗ ಕಮ್ಮಿ ಅಂದ್ರ ಒಂದು ತಿಂಗಳು ನಡೀರಿ. ಬ್ರ್ಯಾಂಡ್ ಹೆಸರು ನಾ ಹೇಳೂದಿಲ್ಲ. ಹೇಳಿದ್ರ ಮತ್ತ ಅದೊಂದೇ ಮಾತು ಉಳೀತದ.

ಊಟದ್ದೂ ಒಂದು ಮಾತು. ಇನ್ನೂರು ರೂಪಾಯಿಯ ಎನರ್ಜಿ ಬಾರ್ ಫೋಟೊ ಹಾಕೋ ಧಾರವಾಡದವನನ್ನ ನೋಡಿದ್ರ ನನಗ ಸಿಟ್ಟು ಬರ್ತದ. ಶೇಂಗಾ ಹೋಳಿಗಿ ಅಂತ ಒಂದು ಪದಾರ್ಥ ಅದ ಮಾರಾಯಾ. ಎಣ್ಣಿಕಾಳು, ಬೆಲ್ಲ, ಎಳ್ಳು. ವಾರಗಟ್ಟಲೆ ಕೆಡೂದಿಲ್ಲ, ಚಳಿಗೆ ಕಲ್ಲಾಗೂದಿಲ್ಲ. ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ ಜೋಡಿಗಿದ್ರ ಇನ್ನೇನು ಬೇಕು.

ಪೋಸ್ಟ್ 6/10

ಒಂದು ಎಚ್ಚರಿಕಿ, ಸಣ್ಣ ಪೋಸ್ಟು. ವಿದೇಶಿ ರೀಲ್‌ಗಳಾಗ ಅಂಗೈಯಷ್ಟು ಸ್ಯಾಟಲೈಟ್ ಮೆಸೆಂಜರ್ ತೋರಿಸಿ "ಇದು ಇಲ್ಲದೇ ಬೆಟ್ಟಕ್ಕ ಹೋಗಬ್ಯಾಡ್ರಿ" ಅಂತಾರ. ಅವರ ದೇಶಕ್ಕ ಅದು ಖರೇ. ನಮ್ಮ ದೇಶದಾಗ ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೇ ಸ್ಯಾಟಲೈಟ್ ಫೋನು, ಅಂಥ ಮೆಸೆಂಜರು ಇಟ್ಟುಕೊಳ್ಳೋದು ಅಪರಾಧ. ವಿಮಾನ ನಿಲ್ದಾಣದಾಗ ಹಿಡಿದು ಕೇಸು ಹಾಕಿದ ಉದಾಹರಣೆಗಳಿವೆ. ದುಬೈದಾಗಿರೋ ಅಣ್ಣನ ಕಡೆಯಿಂದ ತರಿಸಿಕೊಳ್ಳೋ ಶಾಣ್ಯಾತನ ಮಾಡಬ್ಯಾಡ್ರಿ.

ಮೊಬೈಲ್ ನೆಟ್‌ವರ್ಕ್ ಇರೂದಿಲ್ಲ, ಇದೂ ಸಿಗೂದಿಲ್ಲ. ಉಳಿದದ್ದು ಕಾಗದ. ಯಾವ ದಾರಿ, ಯಾವ ರಾತ್ರಿ ಎಲ್ಲಿ, ಯಾವ ದಿನ ಯಾವ ಹೊತ್ತಿನೊಳಗ ಫೋನ್ ಬರದಿದ್ರ ಯಾರಿಗೆ ಫೋನ್ ಮಾಡಬೇಕು, ಇದನ್ನ ಬರೆದು ಮನಿಯೊಳಗ ಒಬ್ಬರ ಕೈಯಾಗ ಕೊಡಬೇಕು. ನಮ್ಮ ಮಂದಿ ಮನಿಯಾಗ "ಡೆಲ್ಲಿಗೆ ಹೊಂಟೇವಿ" ಅಂತ ಹೇಳಿ ಬೆಟ್ಟ ಹತ್ತೋರು.

ಪೋಸ್ಟ್ 7/10

2018ರ ಡಿಸೆಂಬರ್, ಕೇದಾರಕಾಂಠ. ಈ ಫೋಟೊದಾಗ ನಗತೇನಲ್ಲ, ಅದು ಸುಳ್ಳ ನಗಿ.

ಸಂಕ್ರಿಯಿಂದ ಹತ್ತಿ ಎರಡನೆಯ ಕ್ಯಾಂಪಿಗೆ ಬಂದಾಗಿಂದ ನನ್ನ ತಲಿ ಸಿಡೀತಿತ್ತು. ಊಟ ಒಲ್ಲೆ ಅನಸ್ತಿತ್ತು, ಒಂದು ಸಲ ಟೆಂಟಿನ ಹಿಂದ ಹೋಗಿ ವಾಂತಿ ಮಾಡ್ಕೊಂಡು ಹಿಮ ಮುಚ್ಚಿ ಬಂದೆ. ಲೀಡರ್ ಬಂದು "ಎಲ್ಲಾರೂ ಆರಾಮ?" ಅಂದ್ರ ಎಲ್ಲಾರಿಗಿಂತ ಮೊದಲ ಕೈ ಎತ್ತಿದವ ನಾನ. ಮರುದಿನ ನಸುಕಿನಾಗ ತುದಿ. ಎರಡು ರಾತ್ರಿ ರೈಲಿನಾಗ ಕೂತು ಬಂದದ್ದು ಯಾಕ? ಹನ್ನೊಂದು ಸಾವಿರದ ಬೂಟು ಯಾಕ? ಪೇಜಿನಾಗ ಕೌಂಟ್‌ಡೌನ್ ಬ್ಯಾರೆ ಹಾಕಿದ್ದೆ.

ಜೋಡಿ ಮಲಗಿದ್ದವ ನನ್ನ ಧಾರವಾಡದ ಗೆಳೆಯ. ರಾತ್ರಿ ಎದ್ದು ಹೋಗಿ ಲೀಡರ್‌ಗೆ ಎಲ್ಲಾ ಹೇಳಿಬಿಟ್ಟ. ಅವರು ನನ್ನ ಎಬ್ಬಿಸಿ ನೇರ ಗೆರಿ ಮ್ಯಾಲ ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದರ ತುದಿ ಹಚ್ಚಿ ನಡಿ ಅಂದ್ರು. ನಾಲ್ಕನೇ ಹೆಜ್ಜಿಗೆ ವಾಲಿದೆ. ಅವತ್ತ ಕತ್ತಲಾಗನೇ ಒಬ್ಬ ಗೈಡ್ ಜೋಡಿ ಕೆಳಗ ಇಳಿಸಿದ್ರು. ಕೆಳಗಿನ ಕ್ಯಾಂಪ್ ಮುಟ್ಟೂದರಾಗ ತಲಿನೋವು ಅರ್ಧ ಹೋಗಿತ್ತು, ಮಧ್ಯಾಹ್ನ ಅನ್ನ ಉಂಡೆ.

ಗೆಳೆಯನ ಜೋಡಿ ಆರು ತಿಂಗಳು ಮಾತಾಡಲಿಲ್ಲ ನಾನು. ಬೆನ್ನಿಗೆ ಚೂರಿ ಹಾಕಿದ ಅಂತ ಎಲ್ಲಾರ ಮುಂದ ಹೇಳ್ಕೊಂಡು ತಿರುಗಿದೆ. ಆಮೇಲೆ ಒಬ್ಬ ಡಾಕ್ಟರು ಕೂಡಿಸಿ ತಿಳಿಸಿದ್ರು. 2,500 ಮೀಟರ್ ದಾಟಿದ ಮೇಲೆ ಬರೋ ತಲೆನೋವನ್ನ, ಬೇರೆ ಕಾರಣ ಸಿಗೋತನಕ, ಎತ್ತರದ ಕಾಯಿಲೆ ಅಂತಲೇ ತಿಳಿಯಬೇಕು. ನಡಿಗೆ ವಾಲಿತು ಅಂದ್ರ ಮಿದುಳಿಗೆ ಬಾವು ಬಂದಿರಬಹುದು. ಕೂತಲ್ಲೇ ಏದುಸಿರು, ಕೆಮ್ಮು ಬಂದರೆ ಪುಪ್ಪುಸಕ್ಕೆ ನೀರು. ಎರಡಕ್ಕೂ ಮೊದಲ ಮದ್ದು ಕೆಳಗೆ ಇಳಿಯೋದು. ಗುಳಿಗಿ ನುಂಗಿ ಮ್ಯಾಲ ಹತ್ತೂದಲ್ಲ. ಗಟ್ಟಿ ಆಳಿಗೆ ಬರೂದಿಲ್ಲ ಅನ್ನೂದೂ ಸುಳ್ಳ. ದಿನಾ ಹತ್ತು ಕಿಲೋಮೀಟರ್ ಓಡೋರಿಗೂ ಬರ್ತದ, ಯಾಕಂದ್ರ ಅವರು ಬಡಾಬಡಾ ಹತ್ತಿಬಿಡ್ತಾರ.

ವೈದ್ಯರು ಒಪ್ಪಿರೋ ಸಾಮಾನ್ಯ ಲೆಕ್ಕ ಇದು: 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಬಾರದು, ಮೂರ್ನಾಲ್ಕು ದಿನಕ್ಕೊಮ್ಮೆ ಒಂದು ದಿನ ಅಲ್ಲೇ ನಿಲ್ಲಬೇಕು. ಈಗ ಎರಡನೇ ಪೋಸ್ಟಿನ ಪಿಡಿಎಫ್ ತಿರುಗಿ ನೋಡ್ರಿ. 3,400ರಿಂದ 4,000. ನಿಲ್ಲೋ ದಿನ ಸೊನ್ನೆ. ಮೂವತ್ತೆಂಟು ಸಾಮಾನಿನಾಗ ಯಾವ ಸಾಮಾನು ಇದನ್ನ ಸರಿ ಮಾಡ್ತದ, ಹೇಳ್ರಿ.

ಪೋಸ್ಟ್ 8/10

ಈ ಪೋಸ್ಟಿಗೆ ಫೋಟೊ ಇಲ್ಲ. ಕಪ್ಪು ಚೌಕ ಹಾಕೇನಿ.

2024ರ ಜೂನ್ 4 ನೆನಪದ? ಲೋಕಸಭೆ ಎಣಿಕೆಯ ದಿನ. ಎಲ್ಲಾರ ಮನಿಯಾಗ ಟಿವಿ ನಡದಿತ್ತು. ಅವತ್ತೇ ಉತ್ತರಾಖಂಡದ ಸಹಸ್ತ್ರತಾಲ್ ದಾರಿಯಿಂದ ಸುದ್ದಿ ಕೆಳಗೆ ಬಂತು. ಮೇ 29ರಂದು ಹೊರಟಿದ್ದ, ಹೆಚ್ಚಿನವರು ಕರ್ನಾಟಕದವರೇ ಇದ್ದ 22 ಮಂದಿಯ ತಂಡ 4,000 ಮೀಟರಿಗಿಂತ ಮೇಲೆ ಹಿಮಗಾಳಿಗೆ ಸಿಕ್ಕಿತ್ತು. ಜೂನ್ 5ರಂದು ಹೆಲಿಕಾಪ್ಟರ್‌ಗಳು ಮೇಲೆ ಹೋದವು. 13 ಮಂದಿ ಬದುಕಿ ಬಂದರು. 9 ಮಂದಿ ಬರಲಿಲ್ಲ. ನಮ್ಮ ರಾಜ್ಯದ ಸಚಿವರೊಬ್ಬರು ಡೆಹ್ರಾಡೂನಿಗೆ ಹೋಗಿ ನಿಂತು ಉಳಿದವರನ್ನ, ಶವಗಳನ್ನ ಊರಿಗೆ ತರಿಸಿದರು.

ಅಲ್ಲಿ ಯಾರ ತಪ್ಪು ಎಷ್ಟು ಅಂತ ತೀರ್ಪು ಕೊಡೋ ಯೋಗ್ಯತೆ ನನಗಿಲ್ಲ, ಕೊಡೂದೂ ಇಲ್ಲ. ಮೊದಲ ಸಲ ಬೂಟು ಕಟ್ಟಿದವರ ಗುಂಪಲ್ಲ ಅದು. ಅದಕ್ಕ ನನಗ ನಿದ್ದಿ ಬರಲಿಲ್ಲ ಆ ವಾರ. ಆ ಸುದ್ದಿಯ ಕೆಳಗ ನಮ್ಮ ಮಂದಿ ಬರೆದ ಕಮೆಂಟು ನೋಡ್ರಿ. "ಯಾವ ಜಾಕೆಟ್ ಹಾಕಿದ್ರು?" "ಟೆಂಟ್ ಯಾವ ಕಂಪನಿದು?" ಒಂಬತ್ತು ಹೆಣದ ಮುಂದ ನಿಂತೂ ನಾವು ಕೇಳಿದ್ದು ಸಾಮಾನಿನ ಪ್ರಶ್ನೆ.

ಹಿಮಾಲಯದಾಗ ಮೇ-ಜೂನ್ ಅಂದ್ರ ಬೆಳಿಗ್ಗೆ ಕನ್ನಡಿಯಂಥ ಆಕಾಶ, ಮಧ್ಯಾಹ್ನ ಮೋಡ, ಸಂಜಿಕ ಗುಡುಗು, ಆಲಿಕಲ್ಲು. ಎತ್ತರಕ್ಕ ಹೋದಂಗ ಪ್ರತಿ ಸಾವಿರ ಮೀಟರಿಗೆ ಆರು-ಆರೂವರೆ ಡಿಗ್ರಿ ತಂಪು ಹೆಚ್ಚು, 4,400 ಮೀಟರಿನಾಗ ಗಾಳಿಯ ಒತ್ತಡ ಸಮುದ್ರಮಟ್ಟದ ಆರಾಣೆಗಿಂತ ಹತ್ತಾಣೆ ಹತ್ರ, ಅಂದ್ರ ನೂರಕ್ಕ ಅರವತ್ತರೊಳಗ. ಮರ ಇಲ್ಲ, ಗವಿ ಇಲ್ಲ. ಅಲ್ಲಿ ಹೊತ್ತನ್ನ ಬಿಟ್ಟು ಬ್ಯಾರೆ ಮರೆ ಇಲ್ಲ. ಬೆಳಗಿನಾಗ ಮೂರಕ್ಕ ಎದ್ದು, ಎತ್ತರದ ಕೆಲಸ ಮಧ್ಯಾಹ್ನದೊಳಗ ಮುಗಿಸಿ ಇಳಿದಿರಬೇಕು ಅನ್ನೋ ಪದ್ಧತಿ ಬಂದದ್ದು ಅದಕ್ಕ. "ಇಷ್ಟು ಗಂಟೆಗೆ ಎಲ್ಲಿದ್ದೇವೋ ಅಲ್ಲಿಂದ ವಾಪಸ್" ಅನ್ನೋ ಹೊತ್ತನ್ನ ಕೆಳಗ, ತಲಿ ತಣ್ಣಗಿದ್ದಾಗ ಬರೆದಿಟ್ಟಿರಬೇಕು. ಮೇಲೆ ತುದಿ ಕಣ್ಣ ಮುಂದಿದ್ದಾಗ ಯಾರಿಗೂ ಅದು ತೋಚೂದಿಲ್ಲ. 1996ರ ಮೇ 10ರಂದು ಎವರೆಸ್ಟ್‌ನಾಗ ಹಣ ಕೊಟ್ಟು ಬಂದವರನ್ನ ಕರಕೊಂಡು ಹೋದ ಜಗತ್ತಿನ ಹೆಸರುವಾಸಿ ಗೈಡುಗಳು ಆ ಹೊತ್ತು ಮೀರಿದರು. ಅವರ ತಂಡಗಳ ಐದು ಮಂದಿ ಸತ್ತರು. ಅವರ ಸಾಮಾನಿನಾಗ ಕೊರತೆ ಇರಲಿಲ್ಲ.

ಪೋಸ್ಟ್ 9/10

ಹಿಂದಿನ ಪೋಸ್ಟುಗಳಿಗೆ ಬಂದ ಬೈಗಳಿಗೆ ಉತ್ತರ. ಬೈದವರಿಗೆ ಶರಣು, ಮೂರು ಮಾತು ತೂಕದ್ದು ಇದ್ದವು.

ಒಬ್ಬರು ಬರೆದಾರ: "ಬೆಂಗಳೂರಿನವರಿಗೆ ಕ್ಲಬ್ಬು ಅದಾವ, ತರಬೇತಿ ಅದ. ನಮಗ ರೀಲ್ಸ್ ಬಿಟ್ರ ಏನದ? ನೀವು ಅದನ್ನೂ ಬೈತೀರಿ." ಅರ್ಧ ಒಪ್ಪತೇನಿ. ಆದ್ರ ಬಾದಾಮಿ ನಮಗ ನೂರು ಕಿಲೋಮೀಟರ್. ಆ ಕೆಂಪು ಬಂಡೆ ಹತ್ತಾಕ ಪರದೇಶದಿಂದ ಹಗ್ಗ ಹೊತ್ತುಕೊಂಡು ಬರ್ತಾರ. ನಾವು ಬನಶಂಕರಿ ಜಾತ್ರಿಗೆ ಹೋಗಿ ಬರ್ತೇವಿ. ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆ, ಡಾರ್ಜಿಲಿಂಗಿನ ಹಿಮಾಲಯನ್ ಪರ್ವತಾರೋಹಣ ಸಂಸ್ಥೆ ಎರಡೂ ಸರಕಾರಿ. ಸುಮಾರು ನಾಲ್ಕು ವಾರದ ಮೂಲ ತರಬೇತಿ ಅಲ್ಲಿ ಯಾರೂ ಅರ್ಜಿ ಹಾಕಿ ಪಡೀಬಹುದು. ರಜಾ ಸಿಗೂದಿಲ್ಲ ಅನ್ನೂದು ಖರೇ. ಇಪ್ಪತ್ತೊಂದು ವರ್ಷದ ಹುಡುಗರಿಗೆ ಸಿಗ್ತದಲ್ಲ?

ಇನ್ನೊಬ್ಬರು: "ತರಬೇತಿ ತಗೊಂಡವರೂ ಸತ್ತಾರಲ್ಲ?" ಸತ್ತಾರ. 2022ರ ಅಕ್ಟೋಬರ್ 4ರಂದು ದ್ರೌಪದಿ ಕಾ ದಾಂಡಾ-2ರಲ್ಲಿ ಹಿಮಕುಸಿತಕ್ಕೆ ಸಿಕ್ಕು ಇದೇ ಉತ್ತರಕಾಶಿ ಸಂಸ್ಥೆಯ ತಂಡದ ಇಪ್ಪತ್ತೈದಕ್ಕೂ ಹೆಚ್ಚು ಮಂದಿ ಹೋದರು, ಅದರಾಗ ಕಲಿಸುವವರೂ ಇದ್ದರು. ಇದಕ್ಕ ನನ್ನ ಹತ್ರ ಪಕ್ಕಾ ಉತ್ತರ ಇಲ್ಲ. ಬೆಟ್ಟ ಅಂದ್ರ ಗ್ಯಾರಂಟಿ ಇಲ್ಲ. ಆದ್ರ ಕಲಿತವರಿಗೂ ಗ್ಯಾರಂಟಿ ಇಲ್ಲದ ಜಾಗಕ್ಕ ಕಲೀದವರನ್ನ "ಬಿಗಿನರ್ ಫ್ರೆಂಡ್ಲಿ" ಅಂತ ಕರೆಯೋದು ಇನ್ನಷ್ಟು ಕೆಟ್ಟದ್ದು ಅನ್ನೂದಷ್ಟು ಗೊತ್ತು. ಆ ಎರಡು ಪದ 4,000 ಮೀಟರಿನ ಮ್ಯಾಲ ಯಾರೂ ಬಳಸಬಾರದು. ಬಳಸಿದ ಪೇಜಿಗೆ ಅನ್‌ಫಾಲೋ ಒತ್ತರಿ. ನಾ ಹಿಂದ ಬಳಸೇನಿ, ನನಗೂ ಒತ್ತಬಹುದು.

ಮೂರನೆಯದು: "ಕಂಪನಿಯವರು ನೋಡ್ಕೋತಾರಲ್ರಿ, ಅದಕ್ಕ ರೊಕ್ಕ ಕೊಡೂದು." ಅವರಾಗ ಭಾಳ ಚೊಲೊ ಮಂದಿ ಇದ್ದಾರ, ನನ್ನ ಇಳಿಸಿದವರು ಅವರ. ಆದ್ರ ದಾರಿ ಮಾರುವವನ ಬಾಯಿಂದಲೇ ಆ ದಾರಿ ಸೋಪಾ ಅದ ಅಂತ ಕೇಳಿ ಸುಮ್ಮನಿರಬ್ಯಾಡ್ರಿ. ಎಮ್ಮಿ ಕೊಳ್ಳೋವಾಗ ಹಿಂಗ ಮಾಡ್ತೀರೇನು? ಹಲ್ಲು ನೋಡ್ತೀರಿ, ಹಾಲು ಹಿಂಡಿಸಿ ನೋಡ್ತೀರಿ. ಫೋನ್ ಹಚ್ಚಿ ಕೇಳ್ರಿ: ಹೆಚ್ಚಿಗಿ ದಿನ ಎಷ್ಟು? ಒಬ್ಬ ಗೈಡಿಗೆ ಎಷ್ಟು ಮಂದಿ? ಒಬ್ಬಗ ಆರಾಮಿಲ್ಲಂದ್ರ ಅವನ ಜೋಡಿ ಇಳಿಯೋರು ಯಾರು, ಆವಾಗ ಉಳಿದವರ ಜೋಡಿ ಯಾರು? ಆಕ್ಸಿಜನ್ ಸಿಲಿಂಡರ್ ಯಾವ ಕ್ಯಾಂಪಿನತನಕ ಬರ್ತದ? ವಾಪಸ್ ತಿರುಗೋ ಹೊತ್ತು ಯಾವುದು? ಹವಾ ಕೆಟ್ಟು ಬಿಟ್ರ ರೊಕ್ಕ ಎಷ್ಟು ಹೊಳ್ಳಿ ಕೊಡ್ತೀರಿ? ಕೊನೆಯದ್ದು ರೊಕ್ಕದ ಪ್ರಶ್ನೆ ಅಂತ ನಾಚಬ್ಯಾಡ್ರಿ. ಹೊಳ್ಳಿ ಕೊಡದ ರೊಕ್ಕನ ಮಂದಿನ್ನ ಮೋಡದೊಳಗ ಹತ್ತಸೂದು.

ಪೋಸ್ಟ್ 10/10

ಅಳಿಯನ ಕಥಿ.

ಆರೂ ಹುಡುಗರನ್ನ ಮನಿಗೆ ಕರೆದು, ಗಿರ್ಮಿಟ್, ಮಿರ್ಚಿ ತರಿಸಿ, ಪಿಡಿಎಫ್ ಮುಂದ ಇಟ್ಟು ಮಲಗೋ ಎತ್ತರ ಒಂದರ ಕೆಳಗ ಒಂದು ಅವರ ಕೈಲೆ ಬರೆಸಿದೆ. ಬರೀತಿದ್ದ ಹುಡುಗ 4,000ಕ್ಕ ಬಂದು ಪೆನ್ನು ನಿಲ್ಲಿಸಿದ. "ಮಾಮಾ, ಇವರಿಗೆ ಇದು ಗೊತ್ತಿಲ್ಲೇನು?" ಅಂದ ಅಳಿಯ. ಗೊತ್ತಿರ್ತದ, ಒಂದು ದಿನ ಹೆಚ್ಚು ಹಾಕಿದ್ರ ರೇಟು ಹೆಚ್ಚಾಗ್ತದ, ರೇಟು ಹೆಚ್ಚಾದ್ರ ನೀವು ಪಕ್ಕದ ಪೇಜಿಗೆ ಹೋಗ್ತೀರಿ ಅಂದೆ. ಹುಡುಗರು ಒಬ್ಬರ ಮಾರಿ ಒಬ್ಬರು ನೋಡಿದ್ರು. ಅವರೂ ಹಂಗ ರೇಟು ನೋಡೇ ಆರಿಸಿದ್ದು.

ಫೋನ್ ಹಚ್ಚಿ ಆರೂ ಪ್ರಶ್ನೆ ಕೇಳಿದ್ರು. ಎರಡಕ್ಕ ಉತ್ತರ ಬಂತು. ಅಡ್ವಾನ್ಸ್ ಮುಳುಗಿತು, ತಲಾ ಮೂರು ಸಾವಿರ. ಮೂರು ಮಂದಿ ಸಪ್ಟೆಂಬರ್-ಅಕ್ಟೋಬರ್‌ಗೆ ಮುಂದ ಹಾಕ್ಯಾರ, ಅದಕ್ಕ ಮೊದಲು ಅರಣ್ಯ ವಿಹಾರದಾಗ ಬುಕ್ ಮಾಡಿ ಕುಮಾರ ಪರ್ವತ. ಅಷ್ಟೊತ್ತಿಗೆ 4,000 ದಾಟದ, ನಡುವ ಒಂದು ದಿನ ನಿಲ್ಲೋ ದಾರಿ ಹುಡುಕ್ತೇವಿ. ಇಬ್ಬರು ಬಿಟ್ಟೇ ಬಿಟ್ಟರು. ಒಬ್ಬಂವ ಮಾತ್ರ ಬ್ಯಾರೆ ಗುಂಪು ಹಿಡಿದು ಮೇನಾಗ ಅದೇ ಪಾಸಿಗೆ ಹೊಂಟಾನ. "ಅಂಕಲ್, ನೀವು ಭಾಳ ಹೆದರ್ತೀರಿ" ಅಂದ. ಅವನ ನಂಬರು ನನ್ನ ಹತ್ರ ಅದ, ಅವರಪ್ಪನ ನಂಬರೂ ಇಸ್ಕೊಂಡೇನಿ. ಯಾವ ರಾತ್ರಿ ಎಲ್ಲಿ ಅಂತ ಬರೆಸಿ ಫ್ರಿಜ್ಜಿಗೆ ಅಂಟಿಸೇನಿ.

ಅಳಿಯ ನನ್ನ ಜೋಡಿ ಇನ್ನೂ ನೆಟ್ಟಗ ಮಾತಾಡವಲ್ಲ. ಸಿಟ್ಟು ಅದ. ಇರಲಿ, ನಾನೂ ಆರು ತಿಂಗಳು ತಗೊಂಡಿದ್ದೆ. ಆದ್ರ ದಿನಾ ಬರ್ತಾನ. ಹತ್ತು ಕಿಲೋ ಜ್ವಾಳ ಬ್ಯಾಗಿನಾಗ ಹಾಕ್ಕೊಂಡು ನೃಪತುಂಗ ಬೆಟ್ಟ ಐದು ಸಲ ಹತ್ತಿ ಇಳಿಯೂದು ನಮ್ಮ ಪಾಳಿ. ಮೊದಲ ದಿನ ಎರಡಕ್ಕ ಕೂತ, ನಿನ್ನೆ ನಾಲ್ಕಾತು. ವಾಕಿಂಗ್ ಬರೋ ಹಿರಿಯರು "ಹಿಟ್ಟಿನ ಗಿರಣಿ ಮ್ಯಾಲ ಅದೇನೋ ತಮ್ಮಾ?" ಅಂತ ಕೇಳ್ತಾರ.

ನಾಳೆ ರವಿವಾರ. ಬೆಳಿಗ್ಗೆ 5:30ಕ್ಕ ಬೆಟ್ಟದ ಬುಡಕ ಇರ್ತೇವಿ. ಬರೋರು ಬರ್ರಿ, ಇದ್ದ ಬೂಟಿನಾಗ ಬರ್ರಿ. ತಂಗಿ ಶೇಂಗಾ ಹೋಳಿಗಿ ಕಟ್ಟಿ ಕೊಡ್ತಾಳಂತ. 7:30ಕ್ಕ ಎಲ್ಲಿದ್ರೂ ಹೊಳ್ಳೂದು.

#ಹುಬ್ಬಳ್ಳಿ #ಧಾರವಾಡ #ಕುಮಾರಪರ್ವತ #ಹಿಮಾಲಯ #ಬೂಟುಆಮ್ಯಾಲ